ಎರಡನೇ ಟಬ್‌ನ ಮೀನುಮರಿಗಳು

ಅಕ್ಷಯ ಆ ಸುಳ್ಳನ್ನು ಹೇಳಿದ್ದು ಮೈಥಿಲಿಯವರ ಊಟದ ಮೇಜಿನ ಮುಂದೆ ಕೂತು, ಅವರೇ ಬಡಿಸಿದ ಬಿಸಿಬೇಳೆಭಾತ್ ತಿನ್ನುತ್ತ.

"ಏನ್ಮಾಡೋದು ಆಂಟಿ, ನಿಸರ್ಗ ಒಳ್ಳೆ ಹುಡ್ಗಿನೇ. ಆದ್ರೆ ಕೆಲ್ಸದ ಮೇಲೆ ಗಮನ ಇಲ್ಲ. ಮರಿಗಳಿಗೆ ಸರಿಯಾಗಿ ಫೀಡ್ ಹಾಕ್ಲಿಲ್ಲ, ಸತ್ತೋದ್ವು. ಹೊನ್ನಪ್ಪಣ್ಣ ಕೇಳ್ದಾಗ ನಾನು ಇದ್ದಿದ್ದನ್ನ ಹೇಳ್ಲೇಬೇಕಾಯ್ತು," ಎಂದ. ಆಮೇಲೆ, "ಇನ್ನೊಂಚೂರು ಖಾರಾ ಬೂಂದಿ ಇದ್ಯಾ?" ಎಂದು ಕೇಳಿದ.

ಮೈಥಿಲಿ ಬೂಂದಿ ತಂದು ಬಡಿಸಿದರು. ಒಳಗಿನ ಕೋಣೆಯಲ್ಲಿ ನಿಸರ್ಗ ಬಾಗಿಲು ಹಾಕಿಕೊಂಡು ಕೂತಿದ್ದಳು. ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯ ಆ ಹಳೆಯ ಮನೆಯ ಗೋಡೆಗಳು ತೆಳು. ಎಲ್ಲವೂ ಕೇಳಿಸುತ್ತದೆಂದು ಅವನಿಗೂ ಗೊತ್ತಿತ್ತು. ದನಿ ತಗ್ಗಿಸಲಿಲ್ಲ.

ಕೆಟ್ಟ ಹುಡುಗನೇ ಆಗಿದ್ದರೆ ಮೈಥಿಲಿಯವರಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇವನು ಕೇಳದೆಯೇ ಏಣಿ ಹತ್ತಿ ಸ್ಮೋಕ್ ಅಲಾರಂಗೆ ಬ್ಯಾಟರಿ ಹಾಕಿಕೊಡುವವನು. ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಾಗ, ಅವರ ತಲೆ ತಾಗದಿರಲಿ ಎಂದು ಕಾರಿನ ಬಾಗಿಲ ಮೇಲಂಚಿಗೆ ಕೈ ಅಡ್ಡ ಹಿಡಿದಿದ್ದ. ಆ ಕೈಯನ್ನು ಅವರು ಎಷ್ಟೋ ದಿನ ನೆನೆದುಕೊಂಡಿದ್ದರು. ಈಗ ಅದೇ ಕೈ ಅವರ ತಟ್ಟೆಯಲ್ಲಿ ಬೂಂದಿ ಕಲಸುತ್ತಿತ್ತು.

ಮೈಸೂರಿನ ಮಹಿಳಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು ಮೈಥಿಲಿ. ಮಗಳ ಜೊತೆ ಇರಲು ಬ್ರಿಸ್ಬೇನಿಗೆ ಬಂದಿದ್ದರು. ಮಗಳು ಮಾಳವಿಕಾ ಗಣಿಯ ಎಂಜಿನಿಯರ್. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಖಾಲಿ ಕೋಣೆಯನ್ನು ನಿಸರ್ಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಚಾಮರಾಜನಗರದ ಹುಡುಗಿ, ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಮೀನು ಸಾಕಣೆಯ ವಿಷಯವನ್ನೇ ಓದುತ್ತಿದ್ದವಳು. ಬೆಳಿಗ್ಗೆ ತಾನು ಸ್ನಾನ ಮುಗಿಸಿದ ಮೇಲೆ ಮೈಥಿಲಿಯವರ ಟವೆಲನ್ನು ಬಿಸಿಲು ಬೀಳುವ ಕಡೆ ತಿರುಗಿಸಿ ಹಾಕಿ ಹೋಗುತ್ತಿದ್ದಳು. ಯಾರೂ ಹೇಳಿರಲಿಲ್ಲ.

ಓದಿನ ಜೊತೆಗೆ ಅವಳು ಕೆಲಸ ಮಾಡುತ್ತಿದ್ದದ್ದು ಹೊನ್ನಪ್ಪನ ಮೀನುಮರಿ ನರ್ಸರಿಯಲ್ಲಿ. ಊರು ಮುಗಿದು ಕುದುರೆ ಲಾಯಗಳು ಶುರುವಾಗುವ ಕಡೆ ಹೊನ್ನಪ್ಪನ ಮನೆ, ಮನೆಯ ಹಿಂದೆಯೇ ಶೆಡ್ಡು, ಶೆಡ್ಡಿನ ತುಂಬ ದುಂಡನೆಯ ತೊಟ್ಟಿಗಳು. ಕೊಳದಲ್ಲಿ ಹುಟ್ಟಿದ ಸಿಲ್ವರ್ ಪರ್ಚ್ ಮರಿಗಳನ್ನು ತಂದು, ಪೆಲೆಟ್ ತಿನ್ನಲು ಕಲಿಸಿ, ಸಾಕುವವರಿಗೆ ಕೊಡುವುದು ಅವನ ಕಸುಬು. ಅಕ್ಷಯ ಅಲ್ಲಿಯ ಸೂಪರ್‌ವೈಸರ್.

ಕಲಿಸುವ ಕೆಲಸ ಸುಲಭದ್ದಲ್ಲ. ಕೊಳದ ಮರಿಗೆ ಅಲುಗಾಡುವುದು ಮಾತ್ರ ಊಟ. ಕಂದು ಬಣ್ಣದ ಒಣ ಕಾಳು ಅದಕ್ಕೆ ಕಲ್ಲಿನ ಹಾಗೆ. ಮೊದಲು ಫ್ರೀಜರಿನ ಕೆಂಪು ಹುಳುಗಳನ್ನು ಕೊಡಬೇಕು. ಆಮೇಲೆ ಹುಳುವಿನ ಜೊತೆ ಪೆಲೆಟ್ ಪುಡಿ ಕಲಸಿ ಕೊಡಬೇಕು, ದಿನದಿಂದ ದಿನಕ್ಕೆ ಹುಳು ಕಡಿಮೆ, ಪುಡಿ ಜಾಸ್ತಿ. ಬೆಳಿಗ್ಗೆ ಮತ್ತು ಸಂಜೆ ಮಾತ್ರ. ನಡುವೆ ಏನೂ ಕೊಡಕೂಡದು. ಆ ಮಧ್ಯಾಹ್ನದ ಹಸಿವೇ ಅವಕ್ಕೆ ಪಾಠ ಹೇಳುವುದು. ಹಸಿದ ಒಂದು ಮರಿ ಧೈರ್ಯ ಮಾಡಿ ಕಾಳು ನುಂಗಿತೆಂದರೆ ಪಕ್ಕದ್ದು ನೋಡಿ ಕಲಿಯುತ್ತದೆ, ಅದನ್ನು ನೋಡಿ ಇನ್ನೊಂದು.

ನಿಸರ್ಗ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದಳು. ಆದರೂ ಈ ಬೇಸಿಗೆಯ ಮರಿಗಳು ಕಲಿಯಲಿಲ್ಲ. ಪೆಲೆಟ್ ಹಾಕಿದರೆ ಮುಖ ತಿರುಗಿಸಿದವು. ಕೆಲವು ಹೊಟ್ಟೆ ಊದಿ ಪಕ್ಕಕ್ಕೆ ವಾಲಿ ತೇಲಿದವು, ಉಳಿದವು ಸೊರಗಿ ಸತ್ತವು. ಹೊನ್ನಪ್ಪ ಎಲ್ಲ ಕೆಲಸಗಾರರನ್ನೂ ಶೆಡ್ಡಿನಲ್ಲಿ ಸೇರಿಸಿ, "ಯಾರ ತಪ್ಪು?" ಎಂದು ಕೇಳಿದ. ಅಕ್ಷಯ ನಿಸರ್ಗಳ ಕಡೆ ಬೆರಳು ತೋರಿಸಿದ. ಮಾರನೇ ದಿನದಿಂದ ಬರಬೇಡ ಎಂದರು. ಬದುಕಿ ಉಳಿದ ಬಡಕಲು ಮರಿಗಳನ್ನು ಎಸೆಯಲು ಹೊರಟಾಗ ಅವಳು ಕೇಳಿ ಈಸಿಕೊಂಡು, ಬಕೆಟ್ಟಿನಲ್ಲಿ ಹಾಕಿಕೊಂಡು ಮನೆಗೆ ತಂದಳು.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತೇನೋ. ಓದು ಆ ತಿಂಗಳಷ್ಟೇ ಮುಗಿದಿತ್ತು, ಅವಳಿಗೆ ಪರ್ತ್‌ನ ಒಂದು ಮೀನುಮರಿ ಕೇಂದ್ರದಲ್ಲಿ ಪೂರ್ಣ ಕೆಲಸ ಸಿಗುವುದರಲ್ಲಿತ್ತು. ಅಲ್ಲಿಯ ಎಲೆನ್‌ಬ್ರೂಕ್‌ನಲ್ಲಿ ಗೆಳತಿ ಪ್ರೇರಣಾ ಮನೆ ಹಿಡಿದು, ಇವಳಿಗೊಂದು ಮಂಚವನ್ನೂ ತಂದಿಟ್ಟಿದ್ದಳು. ಪರ್ತ್‌ನ ಮ್ಯಾನೇಜರ್ ವಿಚಾರಿಸಲು ಹೊನ್ನಪ್ಪನ ನರ್ಸರಿಗೆ ಫೋನ್ ಮಾಡಿದಾಗ ಫೋನ್ ಎತ್ತಿದವನು ಅಕ್ಷಯ. ಆ ಮ್ಯಾನೇಜರ್ ಮರ್ಯಾದಸ್ಥ. ನಿಸರ್ಗಳಿಗೆ ತಾನೇ ಫೋನ್ ಮಾಡಿ, "ನೀನು ಮರಿಗಳನ್ನು ಉಪವಾಸ ಕೊಂದೆ ಅಂತ ಹೇಳಿದರು. ಅವರೇ ಬೇರೆ ಮಾತು ಹೇಳಿದರೆ ನನಗೆ ಸಂತೋಷ. ತಿಂಗಳ ಕೊನೆಯವರೆಗೆ ಜಾಗ ಖಾಲಿ ಇಟ್ಟಿರುತ್ತೇನೆ," ಎಂದಿದ್ದ.

"ಬಿಡಿ ಆಂಟಿ," ಎಂದಳು ನಿಸರ್ಗ. "ಬೇರೆ ಏನಾದ್ರೂ ಹುಡುಕ್ತೀನಿ. ಸರ್ವೋದಲ್ಲಿ ನೈಟ್ ಶಿಫ್ಟ್ ಇದ್ಯಂತೆ."

"ಪೆಟ್ರೋಲ್ ಬಂಕಲ್ಲಿ ನಿಂತ್ಕೊಳ್ಳೋಕೆ ಇಷ್ಟು ಓದಿದ್ಯಾ?"

"ಮತ್ತೇನ್ಮಾಡ್ಲಿ? ಅವ್ನ ಜೊತೆ ಜಗಳ ಆಡ್ಲಾ?"

"ನೀನು ಆಡ್ಬೇಡ," ಎಂದರು ಮೈಥಿಲಿ. ಮಾತು ಎಂದಿನಂತೆ ಮೆತ್ತಗೇ ಬಂತು. ಸಾಂಬಾರಿಗೆ ಉಪ್ಪು ಸಾಕಾ ಎಂದು ಕೇಳುವಷ್ಟು ಮೆತ್ತಗೆ.

ಮರಿಗಳನ್ನು ಹಿತ್ತಲಿನ ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಟ್ಟಿದ್ದರು. ಮೆಟ್ಟಿಲ ಮೇಲೆ ಕೂತು ಅವುಗಳನ್ನು ನೋಡುವುದು ಮೈಥಿಲಿಯವರ ಸಂಜೆಯ ಕೆಲಸವಾಯಿತು. ಒಂದು ಸಂಜೆ ಬಟ್ಟಲಲ್ಲಿ ಚುರುಮುರಿ ಕಲಸಿಕೊಳ್ಳಲೆಂದು ಪುರಿಯ ಪಾಕೀಟನ್ನು ಅಲ್ಲೇ ಕೂತು ಹರಿದರು. ಪಾಕೀಟು ಕೈಜಾರಿ ನಾಲ್ಕು ಕಾಳು ನೀರಿಗೆ ಬಿದ್ದವು.

ಟಬ್ಬಿನ ತಳದಲ್ಲಿ ಸತ್ತ ಎಲೆಗಳ ಹಾಗೆ ಬಿದ್ದುಕೊಂಡಿದ್ದ ಮರಿಗಳು ಒಮ್ಮೆಲೇ ಮೇಲಕ್ಕೆ ನುಗ್ಗಿದವು. ನೀರು ಸಿಡಿಯಿತು. ಒಂದರ ಬಾಯಿಂದ ಇನ್ನೊಂದು ಕಿತ್ತುಕೊಳ್ಳುತ್ತ, ಪುರಿಯ ಕಾಳನ್ನು ಕುಟುಕುತ್ತ ಟಬ್ಬಿನ ತುಂಬ ಸುತ್ತಿದವು.

ಮೈಥಿಲಿ ಬಟ್ಟಲನ್ನು ಕೆಳಗಿಟ್ಟರು. ಅಲುಗಾಡುವುದನ್ನಷ್ಟೇ ತಿನ್ನುವ ಕೊಳದ ಮರಿಗಳಿಗೆ ಪುರಿ ಊಟವೆಂದು ಯಾರೋ ಕಲಿಸದೆ ಗೊತ್ತಾಗುವುದಿಲ್ಲ. ಒಂದು ದಿನ ಹಾಕಿದರೂ ಸಾಲದು. ದಿನಾ, ಅದೇ ಹೊತ್ತಿಗೆ, ಹಸಿದಿರುವಾಗ ಹಾಕಿದರೆ ಮಾತ್ರ ಹೀಗೆ ನುಗ್ಗುತ್ತವೆ. ಒಣ ಪುರಿ ಪುಟ್ಟ ಹೊಟ್ಟೆಯೊಳಗೆ ಉಬ್ಬಿದರೆ ಮರಿ ಪಕ್ಕಕ್ಕೆ ವಾಲಿ ತೇಲುತ್ತದೆ. ಮಧ್ಯಾಹ್ನ ಪುರಿ ಸಿಗುತ್ತದೆಂದು ಗೊತ್ತಿದ್ದ ಮರಿ ಸಂಜೆ ಪೆಲೆಟ್ಟಿಗೆ ಯಾಕೆ ಬಾಯಿ ಹಾಕೀತು?

ಆಸ್ಟ್ರೇಲಿಯಾದ ಶೆಡ್ಡಿನಲ್ಲಿ ಮೀನಿಗೆ ಪುರಿ ಹಾಕುವವರು ಯಾರು ಎಂದು ಅವರು ಬಹಳ ಯೋಚಿಸಬೇಕಾಗಲಿಲ್ಲ. ಬೇಸಿಗೆಯಲ್ಲಿ ಹೊನ್ನಪ್ಪನ ತಾಯಿ ಚೆನ್ನಮ್ಮ ಅಡಿಲೇಡಿನ ಮಗಳ ಮನೆಯಿಂದ ಬಂದು ಕೆಲವು ವಾರ ಇದ್ದು, ಮೈಥಿಲಿಯವರಿಗೂ ಪರಿಚಯವಾಗಿ ಹೋಗಿದ್ದರು. ಮಾರನೇ ದಿನ ನಿಸರ್ಗ ಹೊರಗೆ ಹೋದ ಮೇಲೆ ಮೈಥಿಲಿ ಅಡಿಲೇಡಿಗೆ ಫೋನ್ ಮಾಡಿದರು.

"ಅಯ್ಯೋ ಮೇಡಮ್ಮೋರಾ! ನೀವೇ ನೆನಸ್ಕೊಂಡು ಮಾಡುದ್ರಲ್ಲ," ಎಂದು ಚೆನ್ನಮ್ಮ ಹಿಗ್ಗಿದರು. "ಇಲ್ಲೇನೈತೆ, ಬಿಸ್ಲು. ಮಗ್ಳು ಕೆಲ್ಸಕ್ಕೆ ಹೋದ್ಮೇಲೆ ನಾನು, ಟಿವಿ. ಮೊಮ್ಮಗ ಐತೆ, ನಾನು ಕನ್ನಡದಾಗೆ ಕೇಳ್ತೀನಿ, ಅದು ಇಂಗ್ಲೀಸಲ್ಲಿ ಹೇಳ್ತದೆ. ಇಬ್ರಿಗೂ ಅರ್ಥಾಯ್ತದೆ, ಯಾರ್ಗೂ ಸಮಾಧಾನ ಇಲ್ಲ."

ಮೈಥಿಲಿ ನಕ್ಕರು. ನಿಜವಾಗಿಯೂ ನಗು ಬಂದಿತ್ತು. "ಬ್ರಿಸ್ಬೇನಲ್ಲಿ ಹೊತ್ತು ಹೋಗ್ತಿತ್ತಾ?"

"ಹೊನ್ನನ ತಾವ ಚೆಂದಾಗಿತ್ತು. ಆ ಮೀನ್ಮರಿಗೋಳು ಇದ್ವಲ್ಲ! ಮಧ್ಯಾನ ಆಗ್ತಿದ್ದಂಗೆ ಬಾಯಿ ಬುಟ್ಕೊಂಡು ಬುಟ್ಕೊಂಡು ಸುತ್ತವು. ಆ ಹುಡ್ಗಿ ನಿಸರ್ಗ ಕಾಲೇಜ್ಗೆ ಹೋದೋಳು ಸಂಜಿಗೇ ಬರೋದು. ಅಲ್ಲೀಗಂಟ ಹಸ್ಕೊಂಡಿರೋದು ನೋಡಕ್ಕಾಯ್ತದಾ? ನಮ್ ಕಡೆ ರಾಮನಾಥಪುರದ ಹೊಳೇಲಿ ದೇವ್ರ ಮೀನಿಗೆ ಪುರಿ ಹಾಕಕಿಲ್ವಾ? ಹಂಗೇ ಅಂಗೈಲಿ ಪುಡಿ ಮಾಡಿ ಉದುರ್ಸ್ತಿದ್ದೆ. ಪಾಪ, ಎಷ್ಟು ಖುಷಿ ಪಡವು!"

"ಅಷ್ಟೊಂದು ಪುರಿ ಎಲ್ಲಿ ಸಿಕ್ತು ನಿಮಗೆ?"

"ಅಕ್ಷಯ ತಂದ್ಕೊಡ್ತಿದ್ದ ಕಣ್ರವ್ವ. ಚಿನ್ನದಂಥ ಹುಡ್ಗ. ಮನೇಲಿದ್ದದ್ದು ಮುಗ್ದೋಯ್ತಲ್ಲೋ ಅಂದೆ, ಸನ್ನಿಬ್ಯಾಂಕಿನ ಅಂಗ್ಡಿಗೆ ಹೋಗಿ ದೊಡ್ಡ ಪಾಕೀಟೇ ತಂದ. ತೇಲಾಡಿ ಮಿಕ್ಕಿದ್ನೆಲ್ಲ ಬಲೇಲಿ ಅವ್ನೇ ಎತ್ತಾಕನು. ನೀವು ಕೂತ್ಕಳಿ ಅಜ್ಜಿ ಅಂತ ಕುರ್ಚಿ ಬೇರೆ ಹಾಕನು." ಚೆನ್ನಮ್ಮ ಒಂದು ಗಳಿಗೆ ನಿಲ್ಲಿಸಿ ಕೇಳಿದರು, "ಈಗ ಎಷ್ಟುದ್ದ ಆಗವೆ ಮೇಡಂ ಅವು?"

ಚೆನ್ನಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ.

"ಚೆನ್ನಾಗಿವೆ," ಎಂದರು ಮೈಥಿಲಿ. "ಈ ತಿಂಗಳ ಕೊನೇ ಭಾನುವಾರ ಹೊನ್ನಪ್ಪನ ಹೊಸ ಶೆಡ್ಡಿನ ಪೂಜೆ. ನೀವು ಬರ್ಲೇಬೇಕು. ನಿಮ್ಮ ಮರಿಗಳನ್ನ ನಾನೇ ತಂದು ತೋರಿಸ್ತೀನಿ."

ಫೋನ್ ಇಟ್ಟ ಮೇಲೆ ಮೈಥಿಲಿಯವರು ಅದರಲ್ಲಿದ್ದ ಹೊನ್ನಪ್ಪನ ಹೆಸರಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತಿದ್ದರು. ಒತ್ತಿದರೆ ಆಯಿತು, ಈ ಸಂಜೆಯೇ ನಿಸರ್ಗಳ ಹೆಸರು ಶುದ್ಧ. ಆದರೆ ಹೇಗೆ ಶುದ್ಧವಾಗುತ್ತದೆ ಎನ್ನುವುದೂ ಅವರಿಗೆ ಗೊತ್ತಿತ್ತು. ಹೊನ್ನಪ್ಪ ತಾಯಿಯ ಮೇಲಿನ ಗೌರವಕ್ಕೆ ವಿಷಯವನ್ನು ಮನೆಯೊಳಗೇ ಮುಗಿಸುತ್ತಾನೆ. ಅಕ್ಷಯ "ನೆನಪೇ ಇರ್ಲಿಲ್ಲ ಅಣ್ಣ" ಎಂದು ತಲೆ ಕೆರೆಯುತ್ತಾನೆ. ನಿಸರ್ಗಳಿಗೆ ಒಂದು ಮೆಸೇಜು, ಒಂದು ಡಬ್ಬ ಸಿಹಿ. ಎಲ್ಲ ಕೆಲಸಗಾರರ ಎದುರು ತಲೆ ತಗ್ಗಿಸಿ ನಿಂತಳಲ್ಲ ಹುಡುಗಿ, ಅದನ್ನು ಯಾರು ಎತ್ತುತ್ತಾರೆ? ಎಲ್ಲರ ಮುಂದೆ ಕಳೆದದ್ದು ಎಲ್ಲರ ಮುಂದೆಯೇ ಬರಬೇಕು. ಅವನ ತಲೆಯೂ ಅಷ್ಟೇ ಜನರ ಮುಂದೆ ತಗ್ಗಬೇಕು.

ಅವರು ಫೋನನ್ನು ಅಕ್ಕಿ ಡಬ್ಬದ ಪಕ್ಕ ಬೋರಲು ಇಟ್ಟು ಅಡಿಗೆಗೆ ಎದ್ದರು. ನಿಸರ್ಗಳಿಗೂ ಹೇಳಲಿಲ್ಲ.

ಮಾರನೇ ದಿನ ಬನ್ನಿಂಗ್ಸ್ ಅಂಗಡಿಯಿಂದ ಇನ್ನೊಂದು ಟಬ್ ತರಿಸಿದರು. ಮರಿಗಳನ್ನು ಎರಡು ಪಾಲು ಮಾಡಿದರು. ಮೊದಲನೇ ಟಬ್ಬಿನವಕ್ಕೆ ನಿಸರ್ಗಳ ಕೈಯಲ್ಲೇ ಪಾಠ ಶುರುವಾಯಿತು. ಹುಳು, ಹುಳುವಿನ ಜೊತೆ ಪುಡಿ, ಮಧ್ಯಾಹ್ನ ಉಪವಾಸ. ಕೆಂಪು ಹುಳುವಿನ ಪಾಕೀಟನ್ನು ಫ್ರೀಜರಿನಲ್ಲಿ ತೆಂಗಿನತುರಿಯ ಪಕ್ಕ ಇಡಲು ಮೈಥಿಲಿ ಒಪ್ಪಿದ್ದನ್ನು ಕಂಡು ನಿಸರ್ಗಳಿಗೆ ಆಶ್ಚರ್ಯ. ಈರುಳ್ಳಿಯನ್ನೂ ವಾರದ ಕೆಲವು ದಿನ ಬಿಡುವ ಮನೆ ಅದು.

ಎರಡನೇ ಟಬ್ಬಿಗೆ ಮೈಥಿಲಿ ಏನನ್ನೂ ಕಲಿಸಲಿಲ್ಲ. ಮಧ್ಯಾಹ್ನ, ನಿಸರ್ಗ ಮನೆಯಲ್ಲಿಲ್ಲದಾಗ, ಒಂದು ಚಿಟಿಕೆ ಪುರಿಯ ಪುಡಿ. ಸಾಯದ ಹಾಗೆ ನೆನೆಸಿ, ಮರೆಯದ ಹಾಗೆ ದಿನಾ.

ಮೊದಲನೇ ಟಬ್ಬಿನ ಮರಿಗಳು ನಿಧಾನವಾಗಿ ದಾರಿಗೆ ಬಂದವು. ಒಂದು ಬೆಳಿಗ್ಗೆ ಬರೀ ಪೆಲೆಟ್ ಹಾಕಿದಾಗ ಗೆರೆಗೆರೆಯ ಬೆನ್ನಿನ ಒಂದು ಮರಿ ಬಂದು ಕಚ್ಚಿ, ಉಗುಳಿ, ಮತ್ತೆ ಕಚ್ಚಿ ನುಂಗಿತು. ನಿಸರ್ಗ ಕೈ ಬಾಯಿಗೆ ಇಟ್ಟುಕೊಂಡಳು. ವಾರದೊಳಗೆ ಅವಳ ನೆರಳು ಬಿದ್ದರೆ ಸಾಕು, ನೀರು ಕುದಿಯತೊಡಗಿತು.

ಎರಡನೇ ಟಬ್ಬಿನವು ಹಾಗೆಯೇ ಉಳಿದವು. ತಲೆ ದೊಡ್ಡದು, ಮೈ ಸಣ್ಣದು.

"ಆಂಟಿ, ಇವೂ ಕಲೀತಾವೆ. ಆ ಟಬ್ಬಿಂದ ನಾಲ್ಕು ಮರಿ ಇದಕ್ಕೆ ಬಿಟ್ರೆ ನೋಡ್ಕೊಂಡೇ ಕಲೀತಾವೆ. ಯಾಕೆ ಬಿಡ್ತಿಲ್ಲ ನೀವು?"

"ಸ್ವಲ್ಪ ದಿನ ತಡಿ."

"ಸೊರಗ್ತಿವೆ ಆಂಟಿ. ಇದರಲ್ಲಿ ಇವುಗಳ ತಪ್ಪೇನಿದೆ?"

"ತಡಿ ಅಂದ್ನಲ್ಲ."

ನಿಸರ್ಗ ಅವರನ್ನೇ ನೋಡಿದಳು. ಈ ದನಿಯನ್ನು ಅವಳು ಮೊದಲು ಕೇಳಿರಲಿಲ್ಲ. ಪರ್ತ್‌ನ ದಿನಗಳು ಒಂದೊಂದಾಗಿ ಕರಗುತ್ತಿದ್ದವು. ಅವಳು ಸರ್ವೋದ ಕೆಲಸಕ್ಕೆ ಹೆಸರು ಕೊಟ್ಟು ಬಂದಿದ್ದಳು. ಆ ವಿಷಯ ಮೈಥಿಲಿಯವರಿಗೆ ಗೊತ್ತಿತ್ತು. ತಿಂಗಳ ಕೊನೆಯ ಭಾನುವಾರ ತಪ್ಪಿದರೆ ಹುಡುಗಿಯ ಕೆಲಸವೂ ತಪ್ಪುತ್ತದೆ ಎಂಬುದೂ ಗೊತ್ತಿತ್ತು. ಆದರೂ ಕಾದರು.

ಆ ಭಾನುವಾರ ಹೊನ್ನಪ್ಪನ ಹೊಸ ಶೆಡ್ಡಿನ ಮುಂದೆ ಮಾವಿನ ಎಲೆಯ ಬದಲು ನಿಂಬೆಗಿಡದ ಟೊಂಗೆ ಕಟ್ಟಿದ್ದರು. ಪೂಜೆ ಮುಗಿದು ಹಿತ್ತಲಿನಲ್ಲಿ ಬಾರ್ಬೆಕ್ಯೂ ಒಲೆ ಹೊತ್ತಿಸಿದ್ದರು. ಒಂದು ಕಡೆ ಕುರಿ ಚಾಪ್ಸು, ಇನ್ನೊಂದು ಕಡೆ ಸಸ್ಯಾಹಾರಿಗಳಿಗೆ ಜೋಳದ ತೆನೆ, ಪನೀರು. ಕೆಲಸಗಾರರು, ಕನ್ನಡದ ಕುಟುಂಬಗಳು, ಮೀನು ಕೊಳ್ಳುವ ಇಬ್ಬರು ಬಿಳಿಯರು ಎಲ್ಲ ಸೇರಿದ್ದರು. ಚೆನ್ನಮ್ಮ ಅಡಿಲೇಡಿನಿಂದ ಹಿಂದಿನ ದಿನವೇ ಬಂದು, ಹೊಸ ಸೀರೆಯುಟ್ಟು ಓಡಾಡುತ್ತಿದ್ದರು.

ನಿಸರ್ಗಳಿಗೆ ಬರಲು ಇಷ್ಟವಿರಲಿಲ್ಲ. ಟಬ್ಬುಗಳನ್ನು ಎತ್ತಲು ತನ್ನಿಂದಾಗದು ಎಂದು ಮೈಥಿಲಿ ಕರೆತಂದಿದ್ದರು. ಕಾರು ನಿಂತ ತಕ್ಷಣ ಅಕ್ಷಯ ಓಡಿ ಬಂದ. ಎರಡು ಟಬ್ಬುಗಳನ್ನೂ ತಾನೇ ಎತ್ತಿ ನೆರಳಿಗಿಟ್ಟ. ಕುರ್ಚಿಯೊಂದನ್ನು ತಂದು ಕರ್ಚೀಫಿನಿಂದ ಒರೆಸಿ, "ಕೂತ್ಕೊಳ್ಳಿ ಆಂಟಿ, ಈ ಬಿಸ್ಲಲ್ಲಿ ನಿಲ್ಬೇಡಿ," ಎಂದ.

ಮೈಥಿಲಿ ಕೂತರು. "ಥ್ಯಾಂಕ್ಸ್ ಕಣಪ್ಪ," ಎಂದರು.

ಊಟಕ್ಕೆ ಮುಂಚೆ ಹೊನ್ನಪ್ಪ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದ. "ಮೈಥಿಲಿ ಮೇಡಂ ಮೈಸೂರಲ್ಲಿ ದೊಡ್ಡ ಲೆಕ್ಚರರ್ ಆಗಿದ್ದೋರು. ನಮ್ಮ ಮೀನಿಂದೇ ಏನೋ ತೋರಿಸ್ತಾರಂತೆ. ಬನ್ನಿ ಬನ್ನಿ, ಚಾಪ್ಸ್ ಎಲ್ಲೂ ಓಡೋಗಲ್ಲ."

ಮೈಥಿಲಿ ಎದ್ದು ನಿಂತರು. "ದೊಡ್ಡದೇನಿಲ್ಲ. ನಿಮ್ಮ ಶೆಡ್ಡಲ್ಲಿ ಕಲೀಲಿಲ್ಲ ಅಂತ ಎಸೆಯೋಕೆ ಹೊರಟಿದ್ರಲ್ಲ, ಅವೇ ಮರಿಗಳು. ಎರಡು ಪಾಲು ಮಾಡಿದೀವಿ. ನಿಸರ್ಗ, ಹಾಕಮ್ಮ."

ನಿಸರ್ಗ ಮೊದಲ ಟಬ್ಬಿಗೆ ಒಂದು ಹಿಡಿ ಪೆಲೆಟ್ ಉದುರಿಸಿದಳು. ನೀರು ಎದ್ದು ಕುಣಿಯಿತು. ಕೊಳ್ಳುವವರಲ್ಲೊಬ್ಬ ಶಿಳ್ಳೆ ಹೊಡೆದ. ಹೊನ್ನಪ್ಪ ಬಗ್ಗಿ ನೋಡಿ, "ಅರೆ! ಇವು ನಮ್ಮ ಬ್ಯಾಚಾ?" ಎಂದ. ನಿಸರ್ಗ ಎರಡನೇ ಟಬ್ಬಿಗೂ ಹಾಕಿದಳು. ಪೆಲೆಟ್‌ಗಳು ಮರಿಗಳ ಮುಂದೆಯೇ ಇಳಿದು ತಳ ಸೇರಿದವು. ಒಂದೂ ಅಲುಗಲಿಲ್ಲ.

ಅಕ್ಷಯ ನಕ್ಕ. "ನೋಡಿ, ಇದು ಒರಿಜಿನಲ್ ನಿಸರ್ಗ ಸ್ಪೆಷಲ್. ಅದು ಆಂಟಿ ಟ್ರೇನಿಂಗು!"

ಒಂದಿಬ್ಬರು ನಕ್ಕರು. ನಿಸರ್ಗಳ ಕಿವಿ ಕೆಂಪಾದವು. ಮೈಥಿಲಿಯವರಿಗೆ ಆ ನಗುವೇ ಬೇಕಾಗಿತ್ತು. ಅವರು ಕೈಚೀಲದಿಂದ ಪುರಿಯ ಪಾಕೀಟು ತೆಗೆದು, ಒಂದಿಷ್ಟನ್ನು ಅಂಗೈಯಲ್ಲಿ ಪುಡಿ ಮಾಡಿ ಎರಡನೇ ಟಬ್ಬಿನ ಮೇಲೆ ಉದುರಿಸಿದರು.

ಬಡಕಲು ಮರಿಗಳು ಬಾಣದ ಹಾಗೆ ಮೇಲೆ ಬಂದವು. ಒಂದು ಟಬ್ಬಿನಿಂದಾಚೆ ಹಾರಿ ಹುಲ್ಲಿನ ಮೇಲೆ ಬಿತ್ತು. ನಿಸರ್ಗ ಅದನ್ನು ಎತ್ತಿ ನೀರಿಗೆ ಬಿಟ್ಟಳು. ಆಮೇಲೆ ನಿಧಾನವಾಗಿ ಮೈಥಿಲಿಯವರ ಕಡೆ ತಿರುಗಿದಳು.

"ಪುರಿ?" ಎಂದ ಹೊನ್ನಪ್ಪ. "ಇವಕ್ಕೆ ಪುರಿ ಯಾರು ಕಲಿಸಿದ್ರು?"

"ಅದೇ ನಾನೂ ಕೇಳೋದು," ಎಂದರು ಮೈಥಿಲಿ. "ಮಧ್ಯಾಹ್ನ ಹಸಿದಿದ್ರೆ ತಾನೇ ಪೆಲೆಟ್ ಕಲಿಯೋದು. ಆ ಹೊತ್ತಲ್ಲಿ ದಿನಾ ಹೊಟ್ಟೆ ತುಂಬ ಪುರಿ ಸಿಕ್ಕಿದೆ ಇವಕ್ಕೆ. ನಿಸರ್ಗ ಆವಾಗ ಸೇಂಟ್ ಲೂಸಿಯಾದಲ್ಲಿ ಕ್ಲಾಸಲ್ಲಿರ್ತಿದ್ಲು. ಶೆಡ್ಡಲ್ಲಿ ಯಾರಿದ್ರು?"

ಅಕ್ಷಯನ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ಆಂಟಿ, ಸಾರಿ, ಮರಿ ನಿಮ್ಮನೇಲೇ ಇದ್ವಲ್ಲ. ನೀವೇ ಕಲಿಸಿರ್ಬೋದಲ್ವಾ? ಹುಡ್ಗೀನ ಉಳಿಸ್ಕೊಳ್ಳೋಕೆ."

ಎಲ್ಲರೂ ಮೈಥಿಲಿಯವರನ್ನು ನೋಡಿದರು. ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅವರು ಸ್ವಲ್ಪ ಪಕ್ಕಕ್ಕೆ ಸರಿದು, ಹಿಂದೆ ನಿಂತಿದ್ದ ಚೆನ್ನಮ್ಮನಿಗೆ ಟಬ್ ಕಾಣುವ ಹಾಗೆ ಜಾಗ ಬಿಟ್ಟರು.

"ಅಯ್ ಶಿವನೇ!" ಚೆನ್ನಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಮುಖವೆಲ್ಲ ಅರಳಿತ್ತು. "ನಮ್ ಮರಿಗೋಳು ಕಣೋ ಹೊನ್ನ! ಇನ್ನೂ ಪುರಿ ಮರ್ತಿಲ್ಲ ನೋಡು! ನಾನೇ ಹಾಕ್ತಿದ್ದುದ್ದು, ದಿನಾ ಮಧ್ಯಾನ. ಅಕ್ಷಯಾ, ಹೇಳೋ! ನೀನೇ ಅಲ್ವೇನೋ ಪಾಕೀಟು ತಂದ್ಕೊಟ್ಟೋನು?"

ಅಕ್ಷಯನ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು.

"ನಿಂಗೆ ಗೊತ್ತಿತ್ತಾ?" ಎಂದ ಹೊನ್ನಪ್ಪ.

"ಅಣ್ಣ, ಅಜ್ಜಿ ಖುಷಿಗೆ ಅಂತ... ಅಷ್ಟಕ್ಕೆ ಹಿಂಗಾಗತ್ತೆ ಅಂತ ನಂಗೇನು..."

"ಸತ್ತ ಮೇಲಾದ್ರೂ ಗೊತ್ತಾಯ್ತಲ್ಲ? ಎಲ್ಲರ ಮುಂದೆ ಆ ಹುಡ್ಗಿ ಹೆಸರು ಹೇಳ್ದೆಯಲ್ಲೋ!"

"ಅಜ್ಜಿ ಹೆಸರು ಹೆಂಗೆ ಹೇಳ್ಲಿ ಅಣ್ಣ? ನಿಮ್ಮಮ್ಮ."

ಆ ಮಾತಿನಿಂದ ಚೆನ್ನಮ್ಮನ ಮುಖ ಬದಲಾಯಿತು. ಮಗನನ್ನು, ಅಕ್ಷಯನನ್ನು, ಟಬ್ಬನ್ನು ಒಂದೊಂದಾಗಿ ನೋಡಿದರು. "ಸತ್ತ ಮೇಲೆ ಅಂದ್ರೆ? ಯಾವು ಸತ್ತವು?" ಅವರು ಮೈಥಿಲಿಯವರ ಕಡೆ ತಿರುಗಿದರು. "ಮೇಡಂ, ನೀವು ಓದ್ದೋರು. ನಾನು ಹಾಕಿದ್ಕೇ ಸತ್ತವಾ?"

ಇಲ್ಲ ಎನ್ನುವುದು ಎಷ್ಟು ಸುಲಭವಾಗಿತ್ತು. ಆದರೆ ಇಲ್ಲ ಎಂದರೆ ತಪ್ಪು ಮತ್ತೆ ನಿಸರ್ಗಳ ತಲೆಯ ಮೇಲೆಯೇ ಹೋಗಿ ಕೂರುತ್ತಿತ್ತು. "ಹೌದು," ಎಂದರು ಮೈಥಿಲಿ.

ಚೆನ್ನಮ್ಮ ಕುರ್ಚಿಯ ತೋಳು ಹುಡುಕಿಕೊಂಡು ಕೂತರು.

ಮೈಥಿಲಿ ಅಲ್ಲಿಗೇ ಬಿಡಲಿಲ್ಲ. "ಅಕ್ಷಯ, ಪರ್ತ್‌ಗೆ ಫೋನ್ ಮಾಡು. ಅವರಿಗೆ ಹೇಳಿದ್ದೂ ನೀನೇ."

"ಇವತ್ತು ಸಂಡೇ ಆಂಟಿ. ನಾಳೆ ಮಾಡ್ತೀನಿ, ಪ್ರಾಮಿಸ್."

"ಮೀನಿಗೆ ಭಾನುವಾರ ಇಲ್ಲ, ಯಾರಾದ್ರೂ ಇರ್ತಾರೆ. ಇಲ್ಲೇ ಮಾಡು. ಎಲ್ಲರಿಗೂ ಕೇಳೋ ಹಾಗೆ."

"ಆಂಟಿ, ಪ್ಲೀಸ್," ಎಂದು ದನಿ ತಗ್ಗಿಸಿದ. "ಒಳಗೆ ಹೋಗಿ ಮಾಡ್ಲಾ?"

"ನನ್ನ ಮನೇಲಿ ಊಟ ಮಾಡ್ತಾ ನೀನು ದನಿ ತಗ್ಗಿಸಿರ್ಲಿಲ್ಲ."

ನಿಸರ್ಗ ಅವರ ತೋಳು ಹಿಡಿದಳು. "ಆಂಟಿ, ಸಾಕು." ಮೈಥಿಲಿ ತೋಳನ್ನು ಬಿಡಿಸಿಕೊಂಡರು.

ಮಾಡು ಎಂಬಂತೆ ಹೊನ್ನಪ್ಪ ತಲೆಯಾಡಿಸಿದ. ಅಕ್ಷಯ ಫೋನನ್ನು ಸ್ಪೀಕರಿಗೆ ಹಾಕಿ ಪರ್ತ್‌ಗೆ ಹಚ್ಚಿದ. ಆ ಮ್ಯಾನೇಜರೇ ಎತ್ತಿದ. ಹಿಂದೆ ನೀರು ಸುರಿಯುವ ಸದ್ದಿತ್ತು. ಅಕ್ಷಯ ಇಂಗ್ಲಿಷಿನಲ್ಲಿ, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ಒಂದೊಂದೇ ಮಾತು ಹೇಳಿದ. ತಪ್ಪು ನಿಸರ್ಗಳದ್ದಲ್ಲ. ಮರಿಗಳಿಗೆ ಬೇರೆ ಆಹಾರ ಬೀಳುತ್ತಿತ್ತು. ಅದು ತನಗೆ ಗೊತ್ತಿತ್ತು. ತಾನು ಸುಳ್ಳು ಹೇಳಿದೆ. ಕೊನೆಯ ಮಾತನ್ನು ಎರಡು ಸಲ ಹೇಳಬೇಕಾಯಿತು.

ಆಮೇಲೆ ಮ್ಯಾನೇಜರ್, "ನಿಸರ್ಗ ಅಲ್ಲಿದ್ದಾಳಾ?" ಎಂದು ಕೇಳಿದ. "ಮುಂದಿನ ಸೋಮವಾರ ಬರೋಕಾಗುತ್ತಾ?"

"ಆಗುತ್ತೆ," ಎಂದಳು ನಿಸರ್ಗ. ಅವಳ ಕಣ್ಣಲ್ಲಿ ನೀರಿತ್ತು. ಕೆಲಸಗಾರರಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ, ಚೆನ್ನಮ್ಮನನ್ನು ನೋಡಿ ನಿಲ್ಲಿಸಿದರು.

ಮೈಥಿಲಿಯವರಿಗೆ ಬೇಕಾಗಿದ್ದದ್ದೆಲ್ಲ ಸಿಕ್ಕಿತ್ತು. ಅಕ್ಷಯ ತಲೆ ತಗ್ಗಿಸಿದ್ದ. ಎಷ್ಟು ಜನರ ಮುಂದೆ ಬೇಕೆಂದಿದ್ದರೋ ಅಷ್ಟೇ ಜನರ ಮುಂದೆ. ಅವರು ಅದನ್ನು ಕಣ್ತುಂಬ ನೋಡಿದರು. ಮರುಕ ಬರಲಿಲ್ಲ. ಅವನು ಹತ್ತಿರ ಬಂದು, "ನಿಮಗೆ ಮೊದ್ಲೇ ಗೊತ್ತಿತ್ತಲ್ವಾ ಆಂಟಿ? ನಂಗೊಂದ್ಮಾತು ಹೇಳಿದ್ರೆ ನಾನೇ ಸರಿ ಮಾಡ್ತಿದ್ದೆ," ಎಂದಾಗಲೂ ಬರಲಿಲ್ಲ.

"ನೀನು ಅವಳಿಗೆ ಒಂದು ಮಾತು ಹೇಳಿದ್ಯಾ?" ಎಂದರು.

ಅವನು ಗೇಟಿನ ಕಡೆ ನಡೆದ.

ಚೆನ್ನಮ್ಮ ಈ ಮಾತನ್ನು ಕೇಳಿಸಿಕೊಂಡಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು. "ಮೊದ್ಲೇ ಅಂದ್ರೆ, ನೀವು ನನ್ಗೆ ಫೋನ್ ಮಾಡುದ್ರಲ್ಲ, ಆವತ್ತಾ?"

"ಹೌದು."

"ಮರಿ ಹೆಂಗವೆ ಅಂದ್ರೆ ಚೆನ್ನಾಗವೆ ಅಂದ್ರಿ."

"ಹೂಂ."

"ಆವತ್ತೇ ಹೇಳ್ಬಾರ್ದಾಗಿತ್ತಾ ಮೇಡಂ? ನಾನೇ ಹೊನ್ನಂಗೆ ಹೇಳ್ತಿದ್ದೆ. ಪರ್ತಿನೋರ್ಗೂ ಹೇಳ್ತಿದ್ದೆ. ಆ ಹುಡ್ಗಿ ಕಾಲಿಗಾದ್ರೂ ಬೀಳ್ತಿದ್ದೆ."

"ಆವತ್ತು ಹೇಳಿದ್ರೆ ಇವತ್ತು ನೀವು ಅವನ ಹೆಸರನ್ನ ಹೀಗೆ ಕೂಗಿ ಹೇಳ್ತಿರ್ಲಿಲ್ಲ," ಎಂದರು ಮೈಥಿಲಿ. ಅದು ಸತ್ಯವಾಗಿತ್ತು.

ಚೆನ್ನಮ್ಮ ಬಯ್ಯಲಿಲ್ಲ. ಮಂಡಿಗೆ ಕೈಯೂರಿ ಎದ್ದು, ಗೇಟಿನ ಕಡೆ ದನಿ ಎತ್ತಿದರು.

"ಅಕ್ಷಯಾ! ಬಾರೋ ಇಲ್ಲಿ. ಬೆಳಗಿಂದ ಒಂದು ಲೋಟ ಕಾಫೀನೂ ಕುಡ್ದಿಲ್ಲ ನೀನು. ಉಂಡ್ಕೊಂಡು ಹೋಗು. ಬಯ್ಯೋದು ಆಮ್ಯಾಲೆ ಬೈತೀನಿ."

ಅವನು ನಿಂತ. ಬರಲೋ ಬೇಡವೋ ಎಂಬಂತೆ ಹೊನ್ನಪ್ಪನನ್ನು ನೋಡಿದ. ಹೊನ್ನಪ್ಪ ಮುಖ ತಿರುಗಿಸಿಕೊಂಡ, ಬೇಡ ಎನ್ನಲಿಲ್ಲ. ಚೆನ್ನಮ್ಮ ತಾವೇ ತಟ್ಟೆಗೆ ಅನ್ನ ಹಾಕಿ, ಸಾರು ಬಿಟ್ಟು, ದೊಡ್ಡ ಚಾಪ್ಸೊಂದನ್ನು ಆರಿಸಿ ಇಟ್ಟು ಅವನ ಕೈಗೆ ಕೊಟ್ಟರು. ಇನ್ನೊಂದು ತಟ್ಟೆ ಮಾಡಿ, "ಬಾ ನನ್ನವ್ವ," ಎಂದು ನಿಸರ್ಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಿಸರ್ಗ ಹೋಗಿ ಕೂತಳು. ಮುದುಕಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

ಆಮೇಲೆ ಚೆನ್ನಮ್ಮ ಮೈಥಿಲಿಯವರ ಕಡೆ ತಿರುಗಿ ಬಲು ಮರ್ಯಾದೆಯಿಂದ ಹೇಳಿದರು. "ನಿಮ್ಗೆ ಹೊತ್ತಾಗ್ತದೆ ಮೇಡಮ್ಮೋರೇ. ಹೊನ್ನನ ಕೈಲಿ ಮನೆಗೆ ಬುಡಿಸ್ತೀನಿ. ಆ ಸಣ್ಕಲು ಮರಿಗೋಳ ಟಬ್ಬು ಇಲ್ಲೇ ಇರ್ಲಿ. ಅವಕ್ಕೇನು ಹಾಕ್ಬೇಕು, ಹೆಂಗೆ ಹಾಕ್ಬೇಕು ಅಂತ ನಿಸರ್ಗ ನಂಗೆ ಹೇಳ್ಕೊಡ್ತಾಳೆ."

ಮೈಥಿಲಿ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡರು. ಅವರೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಜೋಳದ ತೆನೆಯ ಘಮ ಮೂಗಿಗೆ ಬಡಿಯುತ್ತಿತ್ತು. ನಿಸರ್ಗ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ತಟ್ಟೆಗೆ ಬಗ್ಗಿದಳು. ಮೈಥಿಲಿ ಹೊನ್ನಪ್ಪನ ಕಾರಿನವರೆಗೆ ಒಬ್ಬರೇ ನಡೆದರು, ಬಾಗಿಲನ್ನು ತಾವೇ ತೆರೆದುಕೊಂಡು ಕೂತು, ಅವನು ಊಟ ಮುಗಿಸಿ ಬರುವವರೆಗೆ ಕಾದರು.